ವಿದೇಶದಲ್ಲಿ ಒಂದು ಸೆಮಿಸ್ಟರ್: ನಡವಳಿಕೆ ಒಪ್ಪಂದದ ಯಾವ ನಿಯಮ ಮುರಿದರೂ ನಡೆಯುತ್ತೆ?

ವಿದೇಶಕ್ಕೆ ಓದಲು ಹೊರಟಿರುವ ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನಗು ಬಂತು, ಅದರ ಬೆನ್ನಿಗೇ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ನಿಮ್ಮ ಸಂಸ್ಥೆ ಸಹಿ ಕೇಳಿರುವ 24 ಪುಟದ ನಡವಳಿಕೆ ಒಪ್ಪಂದ, ಮುಂದಿನ ತಿಂಗಳು ವಿಮಾನ, "ಇದರಲ್ಲಿ ನಿಜವಾಗಿ ಪಾಲಿಸಬೇಕಾದ್ದು ಯಾವುದು, ಸುಮ್ಮನೆ ಬರೆದಿರೋದು ಯಾವುದು" ಅನ್ನೋ ಲೆಕ್ಕಾಚಾರ. ನಾನೂ ಹಾಕಿದ್ದೆ ಈ ಲೆಕ್ಕ. ಪೆನ್ಸಿಲ್ಲಿನಲ್ಲಿ ಗುರುತು ಬೇರೆ ಮಾಡಿಕೊಂಡಿದ್ದೆ: ಪಾಲಿಸಬೇಕಾದ್ದಕ್ಕೆ ಟಿಕ್, ಬಿಡಬಹುದಾದ್ದಕ್ಕೆ ಸೊನ್ನೆ. ನನ್ನನ್ನು ಸೆಮಿಸ್ಟರಿನ ನಡುವೆ ಮನೆಗೆ ಕಳಿಸಿದ್ದು ಸೊನ್ನೆ ಹಾಕಿದ್ದ ನಿಯಮ.

2016ರ ಮಾತು. ಜರ್ಮನಿಯ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ನಾವು 19 ಜನ ಹೋಗಿದ್ದೆವು. ನಮ್ಮ ಜೊತೆ ನಮ್ಮದೇ ಸಂಸ್ಥೆಯ ಪ್ರಾಧ್ಯಾಪಕಿಯೊಬ್ಬರು ರೆಸಿಡೆಂಟ್ ಡೈರೆಕ್ಟರ್ ಆಗಿ, ಅಂದರೆ ಅಲ್ಲೇ ಇದ್ದು ನಮ್ಮ ಹೊಣೆ ನೋಡಿಕೊಳ್ಳುವವರಾಗಿ, ಬಂದಿದ್ದರು. ಅಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಶುರುವಾಗೋದು ಏಪ್ರಿಲ್ ಮಧ್ಯಕ್ಕೆ. ಅದಕ್ಕೂ ವಾರ ಮೊದಲು ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಒಪ್ಪಂದವನ್ನು ಪುಟಪುಟವಾಗಿ ಓದಿ ಹೇಳಿದರು. ರಾತ್ರಿ ಹತ್ತರ ಮೇಲೆ ಗದ್ದಲ ಇಲ್ಲ, ಬೈಕು ಕಾರು ಬಾಡಿಗೆಗೆ ತಗೊಂಡು ಓಡಿಸುವಂತಿಲ್ಲ, ತರಗತಿ ತಪ್ಪಿಸುವಂತಿಲ್ಲ, ಹೀಗೆ.

17ನೇ ಪುಟದ ಹೊತ್ತಿಗೆ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಅಲ್ಲಿ ಪ್ರಯಾಣದ ಫಾರಂ ಇತ್ತು. ಒಂದೇ ಒಂದು ರಾತ್ರಿ ಹೊರಗೆ ಉಳಿಯುವುದಿದ್ದರೂ 72 ಗಂಟೆ ಮೊದಲು ತಿಳಿಸಬೇಕು: ಎಲ್ಲಿಗೆ, ಯಾರ ಜೊತೆ, ಯಾವುದರಲ್ಲಿ, ಎಲ್ಲಿ ತಂಗುತ್ತೀರಿ, ಯಾವಾಗ ವಾಪಸ್. ಐದೇ ಸಾಲು. ಮೇಡಂ ಅಲ್ಲಿಗೆ ಕಾಗದ ಕೆಳಗಿಟ್ಟು ಸ್ಪೇನಿನ ಬಸ್ಸಿನ ವಿಷಯ ತೆಗೆದರು. ಅದು ನಡೆದು ಮೂರು ವಾರವೂ ಆಗಿರಲಿಲ್ಲ. ಮಾರ್ಚ್ 20ರಂದು, ವೆಲೆನ್ಸಿಯಾದಲ್ಲಿ ಫಾಯಾಸ್ ಹಬ್ಬ ನೋಡಿಕೊಂಡು ಬಾರ್ಸಿಲೋನಾಗೆ ಮರಳುತ್ತಿದ್ದ ವಿನಿಮಯ ವಿದ್ಯಾರ್ಥಿಗಳ ಬಸ್ಸು ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ 13 ಹುಡುಗಿಯರು ಸತ್ತಿದ್ದರು. ಏಳು ಜನ ಇಟಲಿಯವರು, ಇಬ್ಬರು ಜರ್ಮನಿಯವರು, ಉಳಿದವರು ಬೇರೆ ಬೇರೆ ದೇಶದವರು. ಅದಾಗಿ ಎರಡೇ ದಿನಕ್ಕೆ ಬ್ರಸೆಲ್ಸಿನ ವಿಮಾನ ನಿಲ್ದಾಣದಲ್ಲಿ, ಮೆಟ್ರೋದಲ್ಲಿ ಬಾಂಬು. "ಅಂಥ ದಿನ ನನ್ನ ಮುಂದೆ ಇರೋದು ಒಂದೇ ಪ್ರಶ್ನೆ. ನನ್ನ 19 ಮಕ್ಕಳು ಈ ಕ್ಷಣ ಎಲ್ಲಿದ್ದಾರೆ? ಈ ಫಾರಂ ಇಲ್ಲದಿದ್ದರೆ ನಾನು ಯಾರಿಗೂ ಉತ್ತರ ಹೇಳಕ್ಕಾಗಲ್ಲ" ಅಂದರು.

ಕೇಳುವಾಗ ನನಗೂ ಮನಸ್ಸು ಕಲಕಿತ್ತು. ಸಂಜೆ ರೂಮಿಗೆ ಬಂದು ಅದರ ಪಕ್ಕ ಸೊನ್ನೆ ಹಾಕಿದೆ. 20 ವರ್ಷ ದಾಟಿದವನು ವಾರಾಂತ್ಯಕ್ಕೆ ಎಲ್ಲಿಗೆ ಹೋಗುತ್ತೇನೆ ಅಂತ ಟೀಚರಿಗೆ ಬರೆದುಕೊಡಬೇಕಾ ಅನ್ನೋ ಬಿಗುಮಾನ.

ಅಲ್ಲಿ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಸೋಮವಾರ ರಜೆ. ಆ ವರ್ಷ ಅದು ಮೇ 16ಕ್ಕೆ ಬಿದ್ದಿತ್ತು. ಗುರುವಾರ ರಾತ್ರಿ ಪಕ್ಕದ ಚೆಕ್ ದೇಶದ ಪ್ರಾಗ್‌ಗೆ ಹೋಗುವ ಬಸ್ಸಿನಲ್ಲಿ ಕೊನೆಯ ಅಗ್ಗದ ಸೀಟೊಂದು ಕಣ್ಣಿಗೆ ಬಿತ್ತು, ಕೊಂಡೆ. ಶುಕ್ರವಾರ ರಾತ್ರಿ ಬಸ್ಸು. 72 ಗಂಟೆಯ ಗಡುವು ನಾನು ಟಿಕೆಟ್ ಕೊಳ್ಳುವ ಮೊದಲೇ ಮುಗಿದಿತ್ತು. ಈಗ ಫಾರಂ ಕೊಟ್ಟರೆ ಬೇಡ ಅಂತಾರೆ, ಕೊಡದಿದ್ದರೆ ಯಾರಿಗೂ ಗೊತ್ತಾಗಲ್ಲ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡೆ.

ನನ್ನ ತಪ್ಪು ಪ್ರಾಗ್‌ಗೆ ಹೋಗಿದ್ದು ಅಂತ ಈಗಲೂ ಬಹಳ ಜನ ತಿಳಿದಿದ್ದಾರೆ. ಅಲ್ಲ. ಫಾರಂ ಕೊಡದಿದ್ದದ್ದೂ ಅಲ್ಲ. ಹೊರಡುವ ಮೊದಲು ಎದುರು ರೂಮಿನ ಗೆಳೆಯನ ಬಾಗಿಲು ತಟ್ಟಿ, "ಮೇಡಂ ಏನಾದ್ರೂ ಕೇಳಿದ್ರೆ ರೂಮಲ್ಲೇ ಇದ್ದಾನೆ, ಮಲಗಿದ್ದಾನೆ ಅನ್ನು" ಅಂದೆನಲ್ಲ, ಅದು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೇಳಿದ ಮಾತು. ಅವನು "ಆಯ್ತು ಹೋಗೋ" ಅಂದ. ಅರ್ಧ ನಿಮಿಷವೂ ಆಗಿರಲಿಲ್ಲ.

ಬಸ್ಸು ಹತ್ತಿ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿದೆ. ಯುರೋಪಿನ ಒಕ್ಕೂಟದೊಳಗೆ ರೋಮಿಂಗ್ ಶುಲ್ಕ ಹೋಗಿದ್ದು 2017ರ ಜೂನ್ 15ಕ್ಕೆ. ನಾನು ಹೋಗಿದ್ದು ಅದಕ್ಕೆ ಒಂದು ವರ್ಷ ಮೊದಲು, ಗಡಿ ದಾಟಿದರೆ ಬಿಲ್ಲು ಏರುತ್ತಿತ್ತು.

ಶನಿವಾರ ರಾತ್ರಿ ಒಂದೂಮುಕ್ಕಾಲಿಗೆ ನಮ್ಮ ವಿದ್ಯಾರ್ಥಿ ವಸತಿಯಲ್ಲಿ ಬೆಂಕಿಯ ಅಲಾರಂ ಹೊಡೆದುಕೊಂಡಿತು. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಯಾರೋ ಎಣ್ಣೆಯ ಬಾಣಲೆ ಒಲೆಯ ಮೇಲೆ ಮರೆತಿದ್ದರು. ನನ್ನ ರೂಮೂ ಅದೇ ಮಹಡಿ. ಎಲ್ಲರೂ ಕೆಳಗಿಳಿದು ಅಂಗಳದಲ್ಲಿ ಸೇರಿದರು. ಪಕ್ಕದ ಕಟ್ಟಡದಲ್ಲೇ ಇದ್ದ ಮೇಡಂ ಓಡಿ ಬಂದು ಎಣಿಸಿದರು. 18. ಇನ್ನೊಬ್ಬ ಎಲ್ಲಿ?

ನನ್ನ ಗೆಳೆಯ ಅರೆನಿದ್ದೆಯಲ್ಲಿದ್ದ, ಚಳಿಗೆ ನಡುಗುತ್ತಿದ್ದ, ಬಾಯಿಪಾಠ ಮಾಡಿಸಿದ್ದ ಮಾತು ಬಾಯಿಗೆ ಬಂತು. "ರೂಮಲ್ಲೇ ಇದ್ದಾನೆ, ಮಲಗಿದ್ದಾನೆ."

ಉರಿಯುವ ಮಹಡಿಯಲ್ಲಿ ಒಬ್ಬ ಹುಡುಗ ಅಲಾರಂ ಕೇಳಿದರೂ ಏಳದೆ ಮಲಗಿದ್ದಾನೆ ಅಂದರೆ ಅಗ್ನಿಶಾಮಕ ದಳದವರಿಗೆ ಏನು ಅರ್ಥ? ಹೊಗೆ ಕುಡಿದು ಎಚ್ಚರ ತಪ್ಪಿದ್ದಾನೆ ಅಂತ. ಒಳಗೆ ಯಾರೂ ಇಲ್ಲ ಅಂತ ಗೊತ್ತಿದ್ದರೆ ಮೊದಲು ಬೆಂಕಿ ನೋಡಿಕೊಳ್ಳಬಹುದಿತ್ತು. ಒಳಗೆ ಮನುಷ್ಯ ಇದ್ದಾನೆ ಅಂದ ಮೇಲೆ ಅವರಿಗೆ ಆಯ್ಕೆಯೇ ಇಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಬ್ಬರು ಹೊಗೆಯೊಳಗೆ ಮೇಲೆ ಹತ್ತಿದರು, ನನ್ನ ಬಾಗಿಲು ಒಡೆದರು, ಮಂಚದ ಕೆಳಗೆ, ಬಚ್ಚಲಲ್ಲಿ ತಡಕಾಡಿದರು. ಅಷ್ಟು ಹೊತ್ತಿಗೆ ಗೆಳೆಯನಿಗೆ ಪೂರ್ತಿ ಎಚ್ಚರವಾಗಿ, ಅಳುತ್ತಾ ನಿಜ ಹೇಳಿದ್ದ. ಹೇಳಿದ್ದನ್ನು ಮೇಲಿದ್ದವರಿಗೆ ತಲುಪಿಸುವಷ್ಟರಲ್ಲಿ ಇನ್ನೊಂದಿಷ್ಟು ನಿಮಿಷ. ಯಾರಿಗೂ ಏನೂ ಆಗಲಿಲ್ಲ. ಬೆಂಕಿಯೂ ಅಡುಗೆಮನೆಯಿಂದ ಆಚೆ ಬರಲಿಲ್ಲ. ಆದರೆ ಆ ಇಬ್ಬರು ಹತ್ತಿದ ಮೆಟ್ಟಿಲಿದೆಯಲ್ಲ, ಅದನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಹತ್ತಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಒಬ್ಬ ಎಡವಿದ್ದರೆ? ನನ್ನ ಖಾಲಿ ಮಂಚಕ್ಕಾಗಿ?

ಮೇಡಂ ನನ್ನ ನಂಬರಿಗೆ ಫೋನ್ ಮಾಡಿದರು, ಸ್ವಿಚ್ ಆಫ್. ನಾನು ಎಲ್ಲಿದ್ದೇನೆ ಅಂತ ಗೆಳೆಯನಿಗೂ "ಪ್ರಾಗ್" ಅನ್ನೋದರ ಆಚೆ ಗೊತ್ತಿಲ್ಲ. ಬೇರೆ ದಾರಿಯಿಲ್ಲದೆ ನನ್ನ ಪ್ರವೇಶದ ಅರ್ಜಿಯಲ್ಲಿದ್ದ ತುರ್ತು ನಂಬರಿಗೆ, ಅಂದರೆ ನಮ್ಮ ಅಪ್ಪನಿಗೆ ಕರೆ ಹೋಯಿತು. ನಮ್ಮ ಮನೆಯಲ್ಲಿ ಆಗ ಬೆಳಗಿನ ಜಾವ. "ವಸತಿಯಲ್ಲಿ ಬೆಂಕಿ ಬಿದ್ದಿತ್ತು, ನಿಮ್ಮ ಮಗ ಎಲ್ಲಿದ್ದಾನೆ ಅಂತ ಗೊತ್ತಾಗ್ತಿಲ್ಲ." ಇದಕ್ಕಿಂತ ಕೆಟ್ಟ ವಾಕ್ಯವನ್ನು ಒಬ್ಬ ತಂದೆಗೆ ಹೇಳೋದು ಕಷ್ಟ. ಭಾನುವಾರ ಹತ್ತು ಗಂಟೆಗೆ ನಾನು ಪ್ರಾಗ್‌ನಲ್ಲಿ ತಂಗಿದ್ದ ಹಾಸ್ಟೆಲ್ಲಿನ ವೈಫೈಗೆ ಮೊಬೈಲ್ ಜೋಡಿಸಿದಾಗ ಮೊದಲು ಕಂಡದ್ದು ಅಮ್ಮನ ಸಂದೇಶ. "ಎಲ್ಲಿದ್ದೀಯೋ" ಅಂತಷ್ಟೇ, ಹನ್ನೆರಡು ಸಲ.

ವಿಚಾರಣೆ ವಿಡಿಯೋ ಕಾಲಿನಲ್ಲಿ ನಡೆಯಿತು. ನಮ್ಮ ಸಂಸ್ಥೆಯ ಮೂರು ಜನ ಆ ಕಡೆ, ಈ ಕಡೆ ನಾನು, ಪಕ್ಕದಲ್ಲಿ ಮೇಡಂ. ನನ್ನ ಸಹಿ ಇದ್ದ ಪುಟವನ್ನು ಪರದೆಯ ಮೇಲೆ ತೋರಿಸಿದರು. ನಾನು ಫಾರಂ ಬಗ್ಗೆ ವಾದ ಮಾಡಕ್ಕೆ ತಯಾರಾಗಿ ಹೋಗಿದ್ದೆ, ಅವರು ಫಾರಂ ಬಗ್ಗೆ ಎರಡು ನಿಮಿಷವೂ ಮಾತಾಡಲಿಲ್ಲ. ತೀರ್ಪಿನ ಪತ್ರದಲ್ಲಿ ಎರಡು ಸಾಲು ಬೇರೆ ಬೇರೆ ಇದ್ದವು. ಅನುಮತಿ ಇಲ್ಲದ ಪ್ರಯಾಣಕ್ಕೆ ಲಿಖಿತ ಎಚ್ಚರಿಕೆ. ಇರುವ ಜಾಗದ ಬಗ್ಗೆ ಸುಳ್ಳು ಮಾಹಿತಿ ಕೊಡಿಸಿದ್ದಕ್ಕೆ ಕಾರ್ಯಕ್ರಮದಿಂದ ವಜಾ.

ವಜಾ ಅಂದರೆ ಏನು ಅಂತ ನಿಮ್ಮ 24 ಪುಟದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತೆ, ಹುಡುಕಿ. ಕಟ್ಟಿದ ಶುಲ್ಕ ವಾಪಸ್ ಇಲ್ಲ. ಆ ಸೆಮಿಸ್ಟರಿನ ಕ್ರೆಡಿಟ್ ಒಂದೂ ಇಲ್ಲ, ಬರೆದ ಪರೀಕ್ಷೆಯೂ ನೀರುಪಾಲು. ವಾಪಸ್ ಟಿಕೆಟ್ ನಿಮ್ಮ ಖರ್ಚು. ಓದಿಗೆ ಅಂತ ಕೊಟ್ಟ ವೀಸಾ, ಓದೇ ಇಲ್ಲ ಅಂದಮೇಲೆ ಅಲ್ಲಿ ಕೂರಕ್ಕೂ ಆಗಲ್ಲ. ನನ್ನ ಪದವಿ ಒಂದು ಸೆಮಿಸ್ಟರ್ ತಡವಾಯಿತು. ಮುಂದೆ ಎಂ.ಎಸ್.ಗೆ ಅರ್ಜಿ ಹಾಕುವಾಗ "ನಿಮ್ಮ ಮೇಲೆ ಎಂದಾದರೂ ಶಿಸ್ತು ಕ್ರಮ ಆಗಿದೆಯೇ" ಅನ್ನೋ ಪ್ರಶ್ನೆ ಎದುರಾದಾಗಲೆಲ್ಲ ಹೌದು ಅಂತ ಟಿಕ್ ಹಾಕಿ, ಕೆಳಗಿನ ಡಬ್ಬಿಯಲ್ಲಿ ಈ ಇಡೀ ಪುರಾಣ ಬರೆಯಬೇಕಾಯಿತು. ಒಡೆದ ಬಾಗಿಲಿನ ಬಿಲ್ಲೂ ನನಗೇ ಬಂತು, ಅದು ಬಿಡಿ.

ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಮೇಡಂ ಒಂದು ಮಾತು ಹೇಳಿದರು. ಆ ಸೆಮಿಸ್ಟರಿನಲ್ಲಿ ಅಷ್ಟು ಹೊತ್ತಿಗೆ ತಡವಾಗಿ ಬಂದ ಫಾರಂಗಳು ಆರು. ಆರಕ್ಕೂ ಬೈದಿದ್ದರಂತೆ, ಆರಕ್ಕೂ ಒಪ್ಪಿಗೆ ಕೊಟ್ಟಿದ್ದರಂತೆ. ನನ್ನದು ಏಳನೆಯದಾಗಬಹುದಿತ್ತು. ಬಸ್ಸು ಹತ್ತಿದ ಮೇಲೆ ಒಂದು ಮೆಸೇಜ್ ಹಾಕಿದ್ದರೂ ನಡೆಯುತ್ತಿತ್ತು ಅಂದರು. ಬೈಗುಳ ತಪ್ಪಿಸಿಕೊಳ್ಳಕ್ಕೆ ಹೋಗಿ ನಾನು ಇಷ್ಟೆಲ್ಲ ಮಾಡಿದ್ದೆ.

ಈಗ ನಿಮ್ಮ ಪ್ರಶ್ನೆಗೆ. ಯಾವ ನಿಯಮ ಬಿಡಬಹುದು ಅಂತ ಕೇಳಿದ್ದೀರಿ. ಆ ಪಟ್ಟಿ ನಾನು ಕೊಡಲ್ಲ. ಯಾಕೆಂದರೆ ಯಾವ ರಾತ್ರಿ ಯಾವ ನಿಯಮ ದೊಡ್ಡದಾಗುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಬಾಣಲೆ ಮರೆತವನು ನಾನಲ್ಲವಲ್ಲ! ನೀವು ಕೇಳಬೇಕಾದ್ದು, ಮುರಿದು ಸಿಕ್ಕಿಹಾಕಿಕೊಂಡರೆ, ಅಥವಾ ಮುರಿಯುವ ಪರಿಸ್ಥಿತಿ ಬಂದರೆ, ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ. ಉತ್ತರ ನಿಮ್ಮ ಡೈರೆಕ್ಟರ್. ಗೆಳೆಯ ಅಲ್ಲ.

ಇನ್ನು "ಅಲ್ಲಿ ಅದು ಕಾನೂನುಬದ್ಧ, ಹಾಗಾಗಿ ತೊಂದರೆ ಇಲ್ಲ" ಅಂತ ಪ್ರಶ್ನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಇದು ಪೂರಾ ತಪ್ಪು. ಅಲ್ಲಿ ಇರುವಷ್ಟು ದಿನ ನಿಮ್ಮ ತಲೆಯ ಮೇಲೆ ಎರಡು ಕಾನೂನು. ಒಂದು ಆ ದೇಶದ್ದು, ಇನ್ನೊಂದು ನಿಮ್ಮ ಸಂಸ್ಥೆಯದ್ದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಿಮ್ಮದು. ಜರ್ಮನಿಯಲ್ಲಿ 16 ತುಂಬಿದವರಿಗೆ ಬಿಯರ್ ಮಾರುತ್ತಾರೆ, 2024ರ ಏಪ್ರಿಲ್‌ನಿಂದ ವಯಸ್ಕರು ಹೊರಗೆ ಓಡಾಡುವಾಗ 25 ಗ್ರಾಂ ತನಕ ಗಾಂಜಾ ಇಟ್ಟುಕೊಳ್ಳಬಹುದು. ನಿಮ್ಮ ಒಪ್ಪಂದದಲ್ಲಿ ಬೇಡ ಅಂತಿದ್ದರೆ ಇದ್ಯಾವುದೂ ನಿಮ್ಮ ನೆರವಿಗೆ ಬರಲ್ಲ. ತಿರುಗಾಮುರುಗಾ ಕೂಡ ನಿಜ: ನಿಮ್ಮ ಸಂಸ್ಥೆ ತಲೆ ಕೆಡಿಸಿಕೊಳ್ಳದ ವಿಷಯಕ್ಕೆ ಅಲ್ಲಿನ ಪೊಲೀಸರು ಹಿಡಿಯಬಹುದು. ಹಿಡಿದರೆ ರಾಯಭಾರ ಕಚೇರಿಯವರು ಬಂದು ಬಿಡಿಸಿಕೊಂಡು ಹೋಗುತ್ತಾರೆ ಅಂತ ಅಂದುಕೊಂಡವರು ಬಹಳ. ದೂತಾವಾಸಗಳ ಕೆಲಸದ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಅವರು ನಿಮ್ಮನ್ನು ಭೇಟಿ ಮಾಡಬಹುದು, ವಕೀಲರನ್ನು ಹೊಂದಿಸಿಕೊಡಬಹುದು. ಬೀಗ ತೆಗೆಸಕ್ಕೆ ಅವರಿಗೂ ಆಗಲ್ಲ.

ಸಂಜೆ ಕೆಲಸದ ಗಂಟೆಗಳ ಮಿತಿ ಬಗ್ಗೆ ಕೇಳಿದ್ದೀರಿ. ಅದು ಸಂಸ್ಥೆಯ ನಿಯಮ ಅಲ್ಲ, ವೀಸಾದ ಷರತ್ತು, ಅಲ್ಲಿ ಬೈಗುಳದಲ್ಲಿ ಮುಗಿಯೋ ಮಾತೇ ಇಲ್ಲ. ಜಪಾನಿನಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ, ಜರ್ಮನಿಯಲ್ಲಿ ಈಗ ವರ್ಷಕ್ಕೆ 140 ಪೂರ್ತಿ ದಿನ. ನಿಮ್ಮ ದೇಶದ್ದು ನೋಡಿಕೊಳ್ಳಿ, ಅಷ್ಟೇ.

ಬೈಕು ಬಾಡಿಗೆಯ ನಿಯಮ ಸುಮ್ಮನೆ ಹೆದರಿಸಕ್ಕೆ ಅನಿಸುತ್ತೆ. ವಿಮೆಯ ಕಾಗದ ತೆಗೆದು "ಯಾವುದಕ್ಕೆ ಅನ್ವಯಿಸುವುದಿಲ್ಲ" ಅನ್ನೋ ಭಾಗ ಓದಿ, ಆಮೇಲೆ ಮಾತಾಡೋಣ.

ಎಲ್ಲಾ ನಿಯಮವೂ ಸರಿ ಅಂತ ನಾನು ಹೇಳ್ತಿಲ್ಲ. "ಕಾರ್ಯಕ್ರಮದ ಹೆಸರಿಗೆ ಕುಂದು ತರುವ ಯಾವುದನ್ನೂ ಸಾಮಾಜಿಕ ಜಾಲತಾಣದಲ್ಲಿ ಹಾಕಬಾರದು" ಅಂತ ನಮ್ಮದರಲ್ಲಿ ಇತ್ತು. ವಸತಿಯ ಅಡುಗೆಮನೆಯಲ್ಲಿ ಹೊಗೆ ಪತ್ತೆಮಾಡುವ ಯಂತ್ರ ಎರಡು ವಾರದಿಂದ ಬೀಪ್ ಅನ್ನುತ್ತಿದೆ ಅಂತ ಒಬ್ಬಳು ಬರೆದದ್ದಕ್ಕೆ ಅವಳನ್ನು ಕರೆಸಿ ಆ ಪೋಸ್ಟ್ ತೆಗೆಸಿದ್ದರು. ಅದು ವಿದ್ಯಾರ್ಥಿಗಳನ್ನು ಕಾಯೋ ನಿಯಮ ಅಲ್ಲ, ಸಂಸ್ಥೆಯ ಮುಖ ಕಾಯೋ ನಿಯಮ. ಇಂಥದ್ದು ಕಂಡರೆ ಸಹಿ ಮಾಡುವ ಮೊದಲೇ ಮೇಲ್ ಹಾಕಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಸಹಿ ಮಾಡಿ ಆಮೇಲೆ ಒಳಗೊಳಗೇ ಸೊನ್ನೆ ಹಾಕಬೇಡಿ.

ನನ್ನ ಗೆಳೆಯನ ವಿಷಯ ಹೇಳಲಿಲ್ಲ. ಅವನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಸೆಮಿಸ್ಟರ್ ಮುಗಿಸಿದ. ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಅವನ ಕೋಪ ಎಚ್ಚರಿಕೆ ಪತ್ರದ ಮೇಲೆ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಅವನೇ ಫೋನ್ ಮಾಡಿ ಹೇಳಿದ: ಆ ಇಬ್ಬರು ಮೆಟ್ಟಿಲು ಹತ್ತುವಾಗ ನೋಡುತ್ತಾ ನಿಂತಿದ್ದವನು ಅವನು, ನಾನಲ್ಲ.

ಈಗ ನಾನು ಯಾವ ಊರಿಗೆ ಹೋದರೂ ಅವನಿಗೆ ಐದು ಸಾಲು ಮೆಸೇಜ್ ಹೋಗುತ್ತೆ. ಎಲ್ಲಿಗೆ, ಯಾರ ಜೊತೆ, ಯಾವುದರಲ್ಲಿ, ಎಲ್ಲಿ ತಂಗುತ್ತೇನೆ, ಯಾವಾಗ ವಾಪಸ್. ಅವನು ಒಂದಕ್ಕೂ ಉತ್ತರ ಬರೆಯಲ್ಲ, ನೀಲಿ ಟಿಕ್ ಮಾತ್ರ ಬರುತ್ತೆ.