89 ಓಟಿನ ಕ್ಷೇತ್ರದಿಂದ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕನ್ನಡಿಗರು ಓಟು ಹಾಕುವುದಿಲ್ಲವೇ ಎಂದು ಕೇಳಿದಿರಿ. ಹಾಕುತ್ತೇವೆ, ಹಟ ಹಿಡಿದು ಹಾಕುತ್ತೇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಎಂ. ಉಮೇಶ ರಾವ್ ಇಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಆಮೇಲೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಆ ಆಸೆಯನ್ನು ನಮ್ಮ ಅಜ್ಜಂದಿರು ಮತಪೆಟ್ಟಿಗೆಗೇ ಹಾಕಿದ್ದರು.

ಈಗಿನ ತೊಡಕು ಬೇರೆ. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು ಎರಡೂ ಗಡಿಯ ಆಚೀಚೆ. ನನ್ನ ಅತ್ತಿಗೆ ಗಡಿಯಾಚೆ ಕರ್ನಾಟಕದ ವಿಟ್ಲದವರು. ಅವರ ಹೆಸರು ತವರಿನ ಮತದಾರರ ಪಟ್ಟಿಯಲ್ಲೇ ಉಳಿದಿತ್ತು. ಇಲ್ಲಿಗೆ ಬದಲಿಸಲು ಹೋದರೆ ರೇಶನ್ ಕಾರ್ಡು, ಕರೆಂಟು ಬಿಲ್ಲು ಎಲ್ಲವೂ ಮಾವನ ಹೆಸರಿನಲ್ಲಿ. ದಾಖಲೆ ಸಾಲದೆಂದು ಎರಡು ಸಲ ಹಿಂದೆ ಕಳಿಸಿದರು. ಮನೆಗೆ ಬಂದ ಚೀಟಿ ಮಲಯಾಳದಲ್ಲಿತ್ತು, ಅವರಿಗೆ ಓದಲು ಬಾರದು. ಕನ್ನಡದಲ್ಲಿ ಬರೆದರೆ ಸರ್ಕಾರ ಕನ್ನಡದಲ್ಲೇ ಉತ್ತರಿಸಬೇಕೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಆದರೆ ಮದುವೆಯಾಗಿ ಬಂದು ಆರು ತಿಂಗಳಾಗದ ಹೆಣ್ಣುಮಗಳು ಕಚೇರಿಯ ಕಿಟಕಿಯ ಮುಂದೆ ನಿಂತು ಕಾಯ್ದೆ ಎತ್ತಿ ಮಾತಾಡುವುದುಂಟೇ? ಎರಡು ಚುನಾವಣೆ ಹಾಗೇ ಹೋಯಿತು.

2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಸೋಲು ಗೆಲುವಿನ ಅಂತರ ಬರೀ 89 ಓಟು, 2021ರಲ್ಲಿ 745. ಸುತ್ತಲಿನ ಎರಡು ಮೂರು ಬೈಲಿನ ಸೊಸೆಯಂದಿರನ್ನು ಎಣಿಸಿದರೆ 89 ಸಿಕ್ಕಾರು.

18 ತುಂಬಿದ ಮಕ್ಕಳಿಗೆ ಪಟ್ಟಿಗೆ ಸೇರಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ, ಅಷ್ಟು ಸಲೀಸು. ಮಂಗಳೂರಿನಲ್ಲಿ ಓದುವವರು ರೈಲು ಹತ್ತಿ ಬರುತ್ತಾರೆ. ಗಲ್ಫಿಗೆ ಹೋದ ಹುಡುಗರ ಪಾಡು ಕಷ್ಟ. ಪಟ್ಟಿಯಲ್ಲಿ ಹೆಸರಿದ್ದರೂ ಮತಗಟ್ಟೆಗೇ ಬಂದು ಒತ್ತಬೇಕು. ಒಂದು ಓಟಿಗಾಗಿ ವಿಮಾನದ ಟಿಕೆಟ್ ಯಾರು ಮಾಡಿಸುತ್ತಾರೆ?

ಪಂಚಾಯತಿನಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಕೇರಳದ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯಲ್ಲಿ ಲೆಕ್ಕ ಬರೆದು ಪಳಗಿದವರು ವಾರ್ಡು ಗೆದ್ದು ಚೆನ್ನಾಗಿ ನಡೆಸುತ್ತಾರೆ, ಕಣ್ಣಾರೆ ಕಂಡಿದ್ದೇನೆ. ವಿಧಾನಸಭೆಗೆ ಮಾತ್ರ 1957ರಿಂದ 2021ರವರೆಗೆ ಮಂಜೇಶ್ವರ ಒಬ್ಬ ಹೆಂಗಸನ್ನೂ ಕಳಿಸಲಿಲ್ಲ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡಾಗ ನಮ್ಮ ಮನೆಯಲ್ಲಿ ಕಣ್ಣು ಒದ್ದೆಯಾಗಿತ್ತು. ಆ ಮಾತು ಹೆಣ್ಣುಧ್ವನಿಯಲ್ಲಿ ಕೇಳುವುದು ಇನ್ನೂ ಬಾಕಿಯಿತ್ತು.

ಅತ್ತಿಗೆಯ ಹೆಸರು ಕಡೆಗೂ ಸೇರಿತು. ನಿಮ್ಮ ಕಡೆಯಿಂದ ಯಾರಾದರೂ ಇತ್ತ ಮದುವೆಯಾಗಿ ಬರುವುದಿದ್ದರೆ ಓಟರ್ ಕಾರ್ಡನ್ನು ತವರಿನ ಕಪಾಟಿನಲ್ಲಿ ಬಿಟ್ಟು ಬರಬೇಡಿ ಎಂದು ಹೇಳಿ. ವಿಳಾಸ ಬದಲಿಸುವ ಅರ್ಜಿ ಫಾರ್ಮ್ 8 ತುಂಬುವಾಗ ಅದರ ನಂಬರು ಬೇಕು.