ಅಣ್ಣನ ಮೇಡನ್, ತಮ್ಮನ ಮೇಡನ್

ಹಾಡಿನ ಅಂಚೆ: ಓದುಗರ ಪ್ರಶ್ನೆ, ಹಾಸನದ ಹಳೇ ಕ್ಯಾಸೆಟ್ ಅಂಗಡಿಯವನ ಉತ್ತರ
ಅಕ್ಟೋಬರ್ 2021

ಪ್ರಶ್ನೆ: ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಹೊಸ ಆಲ್ಬಮ್ 'ಸೆಂಜುತ್ಸು' ಬಂದಾಗಿನಿಂದ ನಮ್ಮ ಮನೆಯಲ್ಲಿ ವಾಗ್ವಾದ. ದೊಡ್ಡಪ್ಪನ ಮಗ, ನಮ್ಮಣ್ಣ, 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗಿ ಅವರನ್ನು ಕಣ್ಣಾರೆ ಕಂಡು ಬಂದವನು. ನಾಲ್ಕನೇ ಹಾಡಿಗೇ ಇಯರ್‌ಫೋನ್ ಕಿತ್ತಿಟ್ಟು 'ವಯಸ್ಸಾಯ್ತು ಬಿಡು, ಎಳೀತಾರೆ' ಅಂದ. ನನಗೆ ಬಹಳ ಹಿಡಿಸಿದೆ. ಗೆಳೆಯರಲ್ಲೂ ಇದೇ ಥರ ಎರಡು ಪಂಗಡ. ನಿಧಾನವಾಗಿ ಶುರುವಾಗುವುದು ನಮ್ಮ ಆಲಾಪನೆ ಇದ್ದ ಹಾಗೆ ಅಂದರೆ ಅಣ್ಣ ನಗುತ್ತಾನೆ. ಯಾರು ಸರಿ ಸಾರ್?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ನಿಮ್ಮಣ್ಣ ಎಲ್ಲಿ ನಿಲ್ಲಿಸಿದರು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ನಾಲ್ಕನೆಯದು 'ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್', ಒಂಬತ್ತೂವರೆ ನಿಮಿಷದ ಹಾಡು. ಅದಕ್ಕೆ ಮುಂಚಿನ 'ದ ರೈಟಿಂಗ್ ಆನ್ ದ ವಾಲ್' ಒಳ್ಳೇ ಹದದಲ್ಲಿ ನಡೆದು ಬಂದಿರುತ್ತದೆ. ಅದರ ಬೆನ್ನಿಗೇ ಇದು ಮೆಲ್ಲಗೆ ಗಿಟಾರ್ ಮೀಟುತ್ತಾ ಕೂತುಬಿಟ್ಟರೆ ಯಾರ ಕೈಯಾದರೂ ಫೋನಿನ ಕಡೆ ಹೋಗುತ್ತದೆ. ಅವರು ಕೆಟ್ಟ ಜಾಗದಲ್ಲಿ ಇಳಿದುಬಿಟ್ಟರು. ಇನ್ನೊಂದು ಹಾಡು ತಡೆದಿದ್ದರೆ ನಾಲ್ಕೇ ನಿಮಿಷದ 'ಡೇಸ್ ಆಫ್ ಫ್ಯೂಚರ್ ಪಾಸ್ಟ್' ಸಿಗುತ್ತಿತ್ತು. ಅವರಿಗೆ ಬೇಕಾದ ಮೇಡನ್ ಅಲ್ಲೇ ಇದೆ.

ಈಗ ಎರಡು ಪಂಗಡದ ವಿಷಯ. ಹಾಡು ಯಾರು ಬರೆದರು ಅಂತ ಪಟ್ಟಿ ನೋಡಿ. ಹತ್ತು ಹಾಡಿನಲ್ಲಿ ನಾಲ್ಕನ್ನು ಬಾಸ್ ಗಿಟಾರ್‌ನ ಸ್ಟೀವ್ ಹ್ಯಾರಿಸ್ ಒಬ್ಬರೇ ಬರೆದಿದ್ದಾರೆ. 1975ರಲ್ಲಿ ಲಂಡನ್‌ನಲ್ಲಿ ಬ್ಯಾಂಡ್ ಕಟ್ಟಿದವರೇ ಅವರು. ಆ ನಾಲ್ಕು ಹಾಡು ಸೇರಿದರೆ ಸುಮಾರು 44 ನಿಮಿಷ. 82 ನಿಮಿಷದ ಆಲ್ಬಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚು. 1982ರ 'ದ ನಂಬರ್ ಆಫ್ ದ ಬೀಸ್ಟ್' ಆಲ್ಬಮ್ ಇಡೀ ಕೇಳಿದರೂ ಇಷ್ಟು ಹೊತ್ತು ಹಿಡಿಯುವುದಿಲ್ಲ. ಉಳಿದ, ಅಷ್ಟು ಉದ್ದವಿಲ್ಲದ ಹಾಡುಗಳಲ್ಲಿ ಮೂರು ಗಿಟಾರ್‌ನ ಏಡ್ರಿಯನ್ ಸ್ಮಿತ್ ಮತ್ತು ಗಾಯಕ ಬ್ರೂಸ್ ಡಿಕಿನ್ಸನ್ ಜೋಡಿಯವು. 'ಎಳೀತಾರೆ' ಅನ್ನುವವರನ್ನು ಯಾವ ಹಾಡು ಅಂತ ಕೇಳಿ ನೋಡಿ, ಹತ್ತಕ್ಕೆ ಎಂಟು ಜನ ಹ್ಯಾರಿಸ್ ಹಾಡನ್ನೇ ಹೆಸರಿಸುತ್ತಾರೆ. 'ಅದ್ಭುತ' ಅನ್ನುವವರೂ ಕಡೆಗೆ ಹ್ಯಾರಿಸ್ ಬರೆದ 'ಹೆಲ್ ಆನ್ ಅರ್ಥ್' ಹೆಸರನ್ನೇ ಹೇಳುತ್ತಾರೆ. ಜಗಳ ಒಬ್ಬ ಮನುಷ್ಯನ ಸುತ್ತ ನಡೀತಿದೆ.

ನನ್ನ ಲೆಕ್ಕ ಹೇಳಿಬಿಡುತ್ತೇನೆ. 'ಹೆಲ್ ಆನ್ ಅರ್ಥ್'ನ ಹನ್ನೊಂದು ನಿಮಿಷದಲ್ಲಿ ಒಂದು ನಿಮಿಷವನ್ನೂ ತೆಗೆಯಲಾರೆ. ಮೂರು ಗಿಟಾರ್ ಇಟ್ಟುಕೊಂಡಿದ್ದಕ್ಕೆ ಈ ಹಾಡಿನಲ್ಲಿ ಅರ್ಥ ಇದೆ. 'ದ ಪಾರ್ಚ್‌ಮೆಂಟ್' ಹನ್ನೆರಡೂವರೆ ನಿಮಿಷ ಮೀರುತ್ತದೆ, ಅದರಲ್ಲಿ ನಾಲ್ಕು ನಿಮಿಷ ಕತ್ತರಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ಡೆತ್ ಆಫ್ ದ ಕೆಲ್ಟ್ಸ್' ಕೇಳುವಾಗ 1998ರ 'ದ ಕ್ಲ್ಯಾನ್ಸ್‌ಮನ್' ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಅದನ್ನೂ ಹ್ಯಾರಿಸ್ ಅವರೇ ಬರೆದಿದ್ದು. ತಮ್ಮದನ್ನೇ ತಾವು ಕದ್ದರೆ ಕೇಸು ಆಗಲ್ಲ, ಆದರೆ ನಾವು ಗಮನಿಸಲಿಲ್ಲ ಅಂತ ಅವರು ತಿಳಿದುಕೊಳ್ಳಬಾರದು.

ಆಲಾಪನೆಯ ಮಾತಿಗೆ ನಿಮ್ಮಣ್ಣ ನಕ್ಕಿದ್ದು ಸರಿ. ಕರ್ನಾಟಕ ಸಂಗೀತಗಾರರ ಊರು ರುದ್ರಪಟ್ಟಣ ಇರುವ ಜಿಲ್ಲೆಯಲ್ಲಿ ಹುಟ್ಟಿ ಹಾಗೆ ಅನ್ನಬಾರದು. ಆಲಾಪನೆಯನ್ನು ಹಾಡುವವರು ಆ ಹೊತ್ತಿಗೆ ಕಟ್ಟುತ್ತಾರೆ, ಇವತ್ತಿನದು ನಾಳೆ ಇರುವುದಿಲ್ಲ. ಹ್ಯಾರಿಸ್ ಅವರ ಪೀಠಿಕೆ ಬರೆದಿಟ್ಟದ್ದು. ಆಲ್ಬಮ್ ಧ್ವನಿಮುದ್ರಿಸಿದ ಪ್ಯಾರಿಸ್ ಸ್ಟುಡಿಯೋದಲ್ಲಿ ಹೇಗಿತ್ತೋ ವೇದಿಕೆಯ ಮೇಲೂ ಹಾಗೇ ಬರುತ್ತದೆ. ನಿಧಾನ ಅನ್ನುವುದೊಂದನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ಆದರೆ ನಿಮ್ಮಣ್ಣನಿಗೆ ಒಂದು ಮಾತು ನೆನಪಿಸಬೇಕು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಮೇಡನ್ ಬಂದಿದ್ದು ಯಾವ ಪ್ರವಾಸದಲ್ಲಿ? 2006ರ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಆಲ್ಬಮ್‌ನದು. ಅದೂ 72 ನಿಮಿಷದ ಆಲ್ಬಮ್, ಅದರಲ್ಲೂ ಏಳರಿಂದ ಒಂಬತ್ತು ನಿಮಿಷದ ಹಾಡುಗಳೇ ಜಾಸ್ತಿ. 2006ರ ಕಾರ್ಯಕ್ರಮಗಳಲ್ಲಿ ಅವರು ಆ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ನುಡಿಸಿದರು. ದುಡ್ಡು ಕೊಟ್ಟು ಬಂದವರು 'ಹಳೇ ಹಾಡು ಹಾಕ್ರಪ್ಪ' ಅಂತ ಗೊಣಗಿದರು. ಹ್ಯಾರಿಸ್ ಆ ಆಲ್ಬಮ್ಮಿಗೆ ಮಾಸ್ಟರಿಂಗ್ (ಕೊನೆಯಲ್ಲಿ ಸದ್ದನ್ನು ತಿದ್ದಿ ಹದಗೊಳಿಸುವುದು) ಕೂಡ ಬೇಡ, ಸ್ಟುಡಿಯೋದಲ್ಲಿ ಕೇಳಿದ ಹಾಗೇ ಇರಲಿ ಅಂದಿದ್ದರು. ಅದಕ್ಕೂ ಬೈಗುಳ ಬಿತ್ತು. ಇವತ್ತು ನಿಮ್ಮಣ್ಣ ಕಣ್ಣರಳಿಸಿ ಹೇಳುವ ಆ ರಾತ್ರಿಯನ್ನು, ಆಗಲೇ ನಲವತ್ತು ದಾಟಿದ್ದ ಯಾರೋ ಒಬ್ಬರು 'ಇದೇನು ಮೇಡನ್ನಾ, 84ರಲ್ಲಿ ನೋಡಬೇಕಿತ್ತು' ಅಂತ ತಳ್ಳಿಹಾಕಿರುತ್ತಾರೆ.

84 ಅಂದಕೂಡಲೇ ನನ್ನ ಅಂಗಡಿ ವಿಷಯ ಬರಲೇಬೇಕು. ಸಂತೇಪೇಟೆಯಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುತ್ತಿದ್ದೆ. ನನ್ನ ವ್ಯಾಪಾರ ನಡೆಸಿದ್ದು ಭಾವಗೀತೆ, ರಾಜಣ್ಣನ ಹಾಡು. ಸಾಲಗಾಮೆ ರಸ್ತೆಯ ಹಾಸ್ಟೆಲ್ ಹುಡುಗರು ಮಾತ್ರ ಹೊರ ರಾಜ್ಯಗಳಿಂದ ಇಂಗ್ಲಿಷ್ ಟೇಪ್ ತಂದು 'ಅಣ್ಣಾ, ಕಾಪಿ ಮಾಡಿಕೊಡಿ' ಅನ್ನುತ್ತಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್, ಒಂದೊಂದು ಬದಿಗೆ ಒಂದೊಂದು ಆಲ್ಬಮ್. ಮೇಡನ್‌ನ 84ರ ಆಲ್ಬಮ್ 'ಪವರ್‌ಸ್ಲೇವ್' 51 ನಿಮಿಷ, ಬದಿ 45ಕ್ಕೇ ಮುಗಿಯುತ್ತದೆ. ಅದರ ಕೊನೇ ಹಾಡು, ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಹಡಗಿನ ಪದ್ಯದ ಮೇಲೆ ಕಟ್ಟಿದ್ದು, ಹದಿಮೂರು ಮುಕ್ಕಾಲು ನಿಮಿಷ. ಗಮನಿಸಿ, 'ಸೆಂಜುತ್ಸು'ವಿನ ಯಾವ ಹಾಡೂ ಅಷ್ಟು ಉದ್ದ ಇಲ್ಲ. ಹಡಗು ಗಾಳಿಯಿಲ್ಲದೆ ನಿಂತು ಎಲ್ಲ ತಣ್ಣಗಾದ ಹೊತ್ತಿಗೆ ಟೇಪು ಟಕ್ ಅಂತ ನಿಲ್ಲುತ್ತಿತ್ತು. ಹಾಸನದ ಎಷ್ಟೋ ಹುಡುಗರಿಗೆ ಆ ಹಾಡು ಗೊತ್ತಿದ್ದದ್ದು ಅಷ್ಟೇ. ಅವರೇ ಈಗ 'ಆಗ ಹಾಡು ಚಿಕ್ಕದಾಗಿ, ಚೊಕ್ಕವಾಗಿ ಇರ್ತಿತ್ತು' ಅನ್ನುತ್ತಾರೆ. ಇರ್ತಿತ್ತು ಸ್ವಾಮಿ, ಟೇಪು ಮುಗೀತಿತ್ತಲ್ಲ!

ಹಾಗಾಗಿ ತೀರ್ಪು ಕೇಳಿದರೆ: ಆಲ್ಬಮ್ ವಿಷಯದಲ್ಲಿ ನೀವು ಹೆಚ್ಚು ಸರಿ, ಆಲಾಪನೆ ವಿಷಯದಲ್ಲಿ ಅಣ್ಣ ಸರಿ. ಅವರಿಗೆ 'ಸೆಂಜುತ್ಸು'ವಿನ ಕೊನೇ ಹಾಡು 'ಹೆಲ್ ಆನ್ ಅರ್ಥ್' ಒಂದನ್ನು ಸ್ಪೀಕರ್‌ನಲ್ಲಿ ಜೋರಾಗಿ ಹಾಕಿ ಕೇಳಿಸಿ. ಹೆಸರು ಹೇಳಬೇಡಿ.

ಪ್ರಶ್ನೆ: ಡಿಕಿನ್ಸನ್ ದನಿ ಕಟ್ಟಿಕೊಂಡಿದೆ. ಮೇಲಿನ ಸ್ವರಕ್ಕೆ ಏದುಸಿರು ಬಿಡುತ್ತಾರೆ. ಮರ್ಯಾದೆ ಇರುವಾಗಲೇ ನಿಲ್ಲಿಸಬಾರದಿತ್ತೆ? ನಾನು ನಲವತ್ತು ವರ್ಷದ ಅಭಿಮಾನಿ.
(ಕಾಫಿ ಬೆಳೆಗಾರ, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: 2014ರ ಕೊನೆಯಲ್ಲಿ ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗೆಡ್ಡೆ ಸಿಕ್ಕಿತು. ರೇಡಿಯೇಶನ್, ಕೀಮೋ ಎರಡೂ ಆಗಿ 2015ರ ಮೇ ಹೊತ್ತಿಗೆ ಗುಣವಾದರು. ಅದಾದ ಮೇಲೆ ಸ್ಟುಡಿಯೋದಲ್ಲಿ ಮೇಡನ್‌ಗಾಗಿ ಹಾಡಿದ ಮೊದಲ ಆಲ್ಬಮ್ ಇದು, ಧ್ವನಿಮುದ್ರಣ 2019ರಲ್ಲಿ, ಆಗ ಅವರಿಗೆ ಅರವತ್ತು. ಕಾಯಿಲೆಯ ಹೆಸರಿನಲ್ಲಿ ರಿಯಾಯಿತಿ ಕೊಡಿ ಅನ್ನುತ್ತಿಲ್ಲ, ಮೇಲಿನ ಸ್ವರ ಎಳೆದಾಡುವುದು ನಿಜ. ಆದರೆ 'ಡಾರ್ಕೆಸ್ಟ್ ಅವರ್' ಕೇಳಿ. ಕೆಳಗಿನ ಸ್ಥಾಯಿಯಲ್ಲಿ ಈಗಿರುವ ಆ ದಪ್ಪ, ಆ ಗರಗಸ ಇಪ್ಪತ್ತೈದರ ಹುಡುಗನಲ್ಲಿ ಇರಲಿಲ್ಲ. ಅದು ಅವರೇ ಸ್ಮಿತ್ ಜೊತೆ ಬರೆದ ಹಾಡು, ತಮ್ಮ ಗಂಟಲಿಗೆ ತಕ್ಕ ಹಾಗೆ ಬರೆದುಕೊಂಡಿದ್ದಾರೆ. ಏದುಸಿರು ಕೇಳುವುದು ಹೆಚ್ಚಾಗಿ ಹ್ಯಾರಿಸ್ ಬರೆದ ಸಾಲುಗಳಲ್ಲಿ. ಗಿಟಾರ್ ಎಲ್ಲಿ ಹೋಗುತ್ತದೋ ದನಿಯೂ ಅಲ್ಲಿಗೇ ಹತ್ತಬೇಕು, ಉಸಿರು ತೆಗೆಯಲು ಜಾಗವಿಲ್ಲ. ಮೇಲಾಗಿ ನಿರ್ಮಾಪಕ ಕೆವಿನ್ ಶರ್ಲಿ ಮತ್ತು ಸಹ ನಿರ್ಮಾಪಕ ಹ್ಯಾರಿಸ್ ಹೊರತಂದ ಈ ಆಲ್ಬಮ್‌ನ ಮಿಕ್ಸಿಂಗ್‌ನಲ್ಲಿ, ಅಂದರೆ ದನಿ-ವಾದ್ಯಗಳ ಸದ್ದು ಹೊಂದಿಸುವಾಗ, ದನಿ ಹಿಂದೆ ಸರಿದು ನಿಂತಿದೆ. ಮೈಕ್‌ಸೆಟ್ ಕೆಲಸ ಮಾಡಿದ ನನ್ನ ಕಿವಿಗೆ ದೊಡ್ಡ ತಕರಾರು ಇರುವುದು ಅಲ್ಲೇ. ನಿಮ್ಮ ಕಾಗದ ತಲುಪಬೇಕಾದದ್ದು ಮಿಕ್ಸಿಂಗ್ ಮೇಜಿಗೆ.

ನಿಲ್ಲಿಸುವ ಮಾತು ಹೇಳಿದಿರಿ. ಬಿಡುಗಡೆಯಾದ ವಾರ ಆಲ್ಬಮ್‌ಗಳ ಪಟ್ಟಿಯಲ್ಲಿ 'ಸೆಂಜುತ್ಸು'ವಿಗೆ ಬ್ರಿಟನ್‌ನಲ್ಲಿ ಎರಡನೇ ಸ್ಥಾನ, ಅಮೆರಿಕದಲ್ಲಿ ಮೂರನೆಯದು. ಎಂಬತ್ತರ ದಶಕದಲ್ಲೂ ಅಮೆರಿಕದಲ್ಲಿ ಅವರು ಅಷ್ಟು ಮೇಲೆ ಹತ್ತಿರಲಿಲ್ಲ. ನೀವು, ನಾನು ಹೇಳಿದರೆ ಕೇಳುತ್ತಾರೆಯೇ?

ಪ್ರಶ್ನೆ: ಮಗ ಪಿಯುಸಿ. ಬುರುಡೆ ಮೋರೆಯ ಭೂತ ಕತ್ತಿ ಹಿಡಿದಿರುವ ಟೀ ಶರ್ಟ್ ತರಿಸಿಕೊಂಡಿದ್ದಾನೆ. ಇವರು ಸೈತಾನನ ಪೂಜೆ ಮಾಡುವವರಂತೆ, ಹೌದೆ?
(ತಾಯಿ, ಅರಸೀಕೆರೆ)

ಉತ್ತರ: ಇಲ್ಲಮ್ಮ. 1982ರಲ್ಲಿ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಹಾಗಂದುಕೊಂಡೇ ಇವರ ರೆಕಾರ್ಡ್ ಸುಟ್ಟಿದ್ದವು, ಆ ಗಾಳಿಮಾತು ಅರಸೀಕೆರೆಗೆ ಈಗ ಬಂದಿದೆ. ಆ ಭೂತದ ಹೆಸರು ಎಡ್ಡಿ, ಪ್ರತಿ ಆಲ್ಬಮ್ಮಿಗೂ ಹೊಸ ವೇಷ, ಈ ಸಲ ಜಪಾನಿನ ಸಮುರಾಯಿ. 'ದ ರೈಟಿಂಗ್ ಆನ್ ದ ವಾಲ್' ಹಾಡಿನ ಹಿಂದಿರುವುದು ಬೈಬಲಿನಲ್ಲಿ ಬರುವ ಬೇಲ್ಶಚ್ಚರ ರಾಜನ ಕಥೆ. ಅದು ಯಾರು ಅಂತ ಮಗನನ್ನು ಕೇಳಿ, ಹೇಳಿದರೆ ಇನ್ನೊಂದು ಅಂಗಿ ಕೊಡಿಸಿ. ಒಗೆಯುವಾಗ ಒಳಮೈ ತಿರುಗಿಸಿ ಒಗೆಯಿರಿ, ಪ್ರಿಂಟ್ ಉಳಿಯುತ್ತದೆ.

ಪ್ರಶ್ನೆ: 'ಸೆಂಜುತ್ಸು' ಎಲ್‌ಪಿ ತರಿಸೋಣ ಅಂತಿದ್ದೇನೆ. ಪ್ಲೇಯರ್ ಇನ್ನೂ ಕೊಂಡಿಲ್ಲ. ತರಿಸಲೆ?
(ಸಕಲೇಶಪುರ)

ಉತ್ತರ: ಬೇಡ. ಅದು ಮೂರು ತಟ್ಟೆಯ ಸೆಟ್. ಪ್ಲೇಯರ್ ಇಲ್ಲದೆ ಮಳೆಗಾಲದ ಸಕಲೇಶಪುರದಲ್ಲಿ ಗೋಡೆಗೆ ಒರಗಿಸಿಟ್ಟರೆ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಸಿಡಿ ತರಿಸಿ, ಎರಡು ತಟ್ಟೆ ಇವೆ. ಎರಡನೆಯದನ್ನು ಮೊದಲು ಹಾಕಬೇಡಿ, ಮೂರು ಉದ್ದದ ಹಾಡು ಸಾಲಾಗಿ ಇರುವುದು ಅದರಲ್ಲೇ.