ಬಣ್ಣದ ಸಂದೇಹಗಳು: ಬಯಲಿನ ಚಿತ್ರ ಮನೆಯಲ್ಲಿ ಮಂಕಾಗುವುದೇಕೆ?

ಪ್ರಶ್ನೆ: ಮೇಡಂ, ರಜೆ ಸಿಕ್ಕಾಗಲೆಲ್ಲ ಬೆಳಿಗ್ಗೆಯೇ ಲೋಕಲ್ ಹಿಡಿದು ಮುಂಬಯಿ ವಾಲ್ಕೇಶ್ವರದಲ್ಲಿ ಸುತ್ತ ಮೆಟ್ಟಿಲಿರುವ ಬಾಣಗಂಗಾ ಕೆರೆಗೆ ಹೋಗಿ ತೈಲವರ್ಣದಲ್ಲಿ ಚಿತ್ರ ಬಿಡಿಸುತ್ತೇನೆ. ಅಲ್ಲಿ ಝಗಝಗ ಅನ್ನುವ ಚಿತ್ರ ಮನೆಗೆ ತಂದು ನೋಡಿದರೆ ಮಂಕು. ಫೋಟೋ ನೋಡಿಕೊಂಡು ದೊಡ್ಡ ಕ್ಯಾನ್ವಾಸಿಗೆ ಇಳಿಸಿದರಂತೂ ಜೀವವೇ ಇರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಬೋರ್ಡಿನ ಮೇಲೆ ನೇರ ಬಿಸಿಲು ಬೀಳುತ್ತಿರಬೇಕು. ಬಿಸಿಲಲ್ಲಿ ಯಾವ ಬಣ್ಣವೂ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಕೈ ತಾನಾಗಿಯೇ ಗಾಢವಾಗಿ ಕಲಸುತ್ತದೆ. ಮನೆಯ ಟ್ಯೂಬ್‌ಲೈಟಿನಡಿ ಬಿಸಿಲು ಹೋಗಿ ಗಾಢ ಬಣ್ಣವಷ್ಟೇ ಉಳಿಯುತ್ತದೆ. ಬೋರ್ಡೂ ಪ್ಯಾಲೆಟ್ಟೂ ಎರಡೂ ನೆರಳಿನಲ್ಲಿರಲಿ. ಗೋಡೆಯ ನೆರಳು ಸಿಗದಿದ್ದರೆ ಕಪ್ಪು ಕೊಡೆ ಕಟ್ಟಿಕೊಳ್ಳಿ. ಬಣ್ಣದ ಕೊಡೆ ಬೇಡವೇ ಬೇಡ, ಕೆಂಪು ಕೊಡೆಯ ಕೆಳಗೆ ಹಸಿರನ್ನು ಸರಿಯಾಗಿ ಕಲಸಲು ಯಾರಿಂದಲೂ ಆಗದು.

ಕೂತು ಒಂದೂವರೆ, ಹೆಚ್ಚೆಂದರೆ ಎರಡು ಗಂಟೆಯಾಗುತ್ತಲೇ ಕೆಲಸ ನಿಲ್ಲಿಸಿ ಎದ್ದುಬಿಡಿ. ಅಷ್ಟರಲ್ಲಿ ನೆರಳು ನಾಲ್ಕಾರು ಮೆಟ್ಟಿಲು ಸರಿದಿರುತ್ತದೆ. ಆಮೇಲೆ ಹಚ್ಚುವುದೆಲ್ಲ ಬೇರೆ ಹೊತ್ತಿನ ಬೆಳಕು. 8×10 ಇಂಚಿನ ಬೋರ್ಡು, ಅಗಲ ಬ್ರಷ್ ಸಾಕು. ಕಣ್ಣು ಕಿರಿದು ಮಾಡಿ ಮೊದಲು ಇಷ್ಟನ್ನು ನಿರ್ಧರಿಸಿ: ಆಕಾಶ ಹೆಚ್ಚು ತಿಳಿಯೋ, ಬಿಸಿಲು ಬಿದ್ದ ಮೆಟ್ಟಿಲೋ? ನೀರು ಇವೆರಡಕ್ಕಿಂತ ಎಷ್ಟು ಗಾಢ? ದೀಪಸ್ತಂಭ, ಬಾತುಕೋಳಿ ಎಲ್ಲ ಆಮೇಲೆ.

ಒಂದೇ ಒಂದು ಮೆಟ್ಟಿಲನ್ನು ಗಮನಿಸಿ. ಬಿಸಿಲು ಬಿದ್ದ ಮೇಲ್ಭಾಗಕ್ಕೆ ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಚೂರು ಬರ್ನ್ಟ್ ಸಿಯೆನ್ನಾ (ಕೆಂಗಂದು). ಅದರ ಮುಂಭಾಗ ನೆರಳಲ್ಲಿದೆ. ಕಲ್ಲು ಅದೇ, ಆದರೆ ಆಕಾಶದ ನೀಲಿ ಅದಕ್ಕೆ ಬಡಿಯುತ್ತಿರುತ್ತದೆ. ಬಿಳಿ ಕಡಿಮೆ ಮಾಡಿ ಅಲ್ಟ್ರಾಮರೀನ್ ನೀಲಿ ಬೆರೆಸಿ. ಕಪ್ಪಿನ ಟ್ಯೂಬ್ ಮುಟ್ಟಬೇಡಿ. ಬೆಂಗಳೂರಿಗೆ ಹೋದಾಗ ರುಮಾಲೆ ಚನ್ನಬಸವಯ್ಯನವರ ಹೂಮರಗಳ ಮೂಲಚಿತ್ರಗಳನ್ನು ನೋಡಿ ಬನ್ನಿ, ನೆರಳಲ್ಲೂ ಎಷ್ಟು ಬಣ್ಣ ಇರುತ್ತದೆಂದು ಕಣ್ಣಿಗೆ ಗೊತ್ತಾಗುತ್ತದೆ. ಇನ್ನು ನೀರು: ಬಿಳಿ ಗೋಡೆಯ ಪ್ರತಿಬಿಂಬ ಗೋಡೆಗಿಂತ ತುಸು ಗಾಢ, ಕಪ್ಪು ಕಿಟಕಿಯ ಪ್ರತಿಬಿಂಬ ಕಿಟಕಿಗಿಂತ ತುಸು ತಿಳಿ. ಇಷ್ಟು ಪಾಲಿಸಿದರೆ ಬಾಣಗಂಗೆಯ ನೀರು ನೀರಿನಂತೆ ಮಲಗುತ್ತದೆ.

ದೊಡ್ಡ ಚಿತ್ರದ ಜೀವ ತೆಗೆಯುತ್ತಿರುವುದು ಫೋಟೋನೇ. ಫೋನು ನೆರಳನ್ನು ಕಪ್ಪಾಗಿಸುತ್ತದೆ, ಇಲ್ಲವೇ ಎಲ್ಲವನ್ನೂ ಒಂದೇ ಹದಕ್ಕೆ ತಂದುಬಿಡುತ್ತದೆ. ಕಂಬ ಎಷ್ಟು, ಮೆಟ್ಟಿಲು ಎಷ್ಟು ಎಂದು ಎಣಿಸಲು ಬೇಕಾದರೆ ಫೋಟೋ ನೋಡಿ. ಬಣ್ಣಕ್ಕೆ ನಿಮ್ಮ ಆ ಚಿಕ್ಕ ಬೋರ್ಡೇ ಪ್ರಮಾಣ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಬಯಲಲ್ಲಿ ಚಿಕ್ಕ ತೈಲ ಸ್ಕೆಚ್ ಮಾಡಿಕೊಂಡು ಆರು ಅಡಿಯ ಚಿತ್ರಗಳನ್ನು ಸ್ಟುಡಿಯೊದಲ್ಲಿ ಮಾಡುತ್ತಿದ್ದ. ಅದಕ್ಕೂ ಮೊದಲು ಅಷ್ಟೇ ದೊಡ್ಡದೊಂದು ಕಚ್ಚಾ ಚಿತ್ರ ಬಿಡಿಸುತ್ತಿದ್ದ. ನೀವು ಮೊದಲು 16×20ಕ್ಕೆ, ಆಮೇಲೆ 24×30ಕ್ಕೆ ಹೋಗಿ; ಅಳತೆಯ ಅನುಪಾತ ಒಂದೇ ಇರುವುದರಿಂದ ಚೌಕ ಹಾಕಿ ಇಳಿಸುವುದು ಸುಲಭ. ಚಿತ್ರ ಹಿಗ್ಗಿದಷ್ಟೂ ಬ್ರಷ್ಷೂ ಹಿಗ್ಗಲಿ. ಅದೇ ಸಣ್ಣ ಬ್ರಷ್ಷಿನಿಂದ ದೊಡ್ಡ ಕ್ಯಾನ್ವಾಸ್ ತುಂಬಲು ಹೋದರೆ ಬರೀ ವಿವರ ತುಂಬುತ್ತದೆ, ಬೆಳಕು ಹೊರಟುಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಚಿತ್ರ ಒಣಗುವುದೇ ಇಲ್ಲ. ಧೂಳು ಕೂರದಿರಲೆಂದು ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯಿತು.
– ಓದುಗ, ಮುಲುಂಡ್

ಉತ್ತರ: ತೈಲವರ್ಣ ಒದ್ದೆ ಬಟ್ಟೆಯಂತೆ ಆರುವುದಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಬೀರುವಿನಲ್ಲಿ ಗಾಳಿ ಎಲ್ಲಿಂದ ಬರಬೇಕು? ಕತ್ತಲಲ್ಲಿ ಎಣ್ಣೆ ಹಳದಿಗೂ ತಿರುಗುತ್ತದೆ. ಬೆಳಕಿರುವ ಕೋಣೆಯಲ್ಲಿ, ತೇವ ಹಿಡಿಯುವ ಹೊರಗೋಡೆ ಬಿಟ್ಟು ಒಳಗೋಡೆಗೆ, ಹಿಂದೆ ಗಾಳಿಯಾಡುವಂತೆ ತೂಗುಹಾಕಿ. ಅಡಿಯ ಪದರ ತೆಳುವಾಗಿ, ಎಣ್ಣೆ ಕಡಿಮೆಯಿದ್ದು ಮೇಲೇರಿದಂತೆ ಎಣ್ಣೆ ಹೆಚ್ಚಲಿ. ತಿರುವುಮುರುವಾದರೆ ಮುಂದೆ ಬಿರುಕು ಬಿಡುತ್ತದೆ. ಅಡಿಯ ಪದರಕ್ಕೆ ಅಂಬರ್ ಎಂಬ ಕಂದು ಬಣ್ಣ ಬಳಸಿ ನೋಡಿ, ಅದರಲ್ಲಿರುವ ಮ್ಯಾಂಗನೀಸ್‌ನಿಂದಾಗಿ ಬೇಗ ಒಣಗುತ್ತದೆ. ಬೂಷ್ಟನ್ನು ಹಸಿ ಬಣ್ಣದ ಮೇಲೆ ಒರೆಸಬೇಡಿ, ಪೂರ್ತಿ ಒಣಗಿದ ಮೇಲೆ ಬಾಲ್ಕನಿಯಲ್ಲಿ ಮೂಗು ಮುಚ್ಚಿಕೊಂಡು ಮೆದು ಬ್ರಷ್ಷಿನಿಂದ ಕೊಡವಿ.

ಪ್ರಶ್ನೆ: ಒಂದೇ ಕೋಣೆಯ ಮನೆ, ಜೊತೆಗೆ ಪುಟ್ಟ ಮಗು. ಟರ್ಪೆಂಟೈನ್ ವಾಸನೆಗೆ ಏನು ಮಾಡಲಿ?
– ಗೃಹಿಣಿ, ಪುಣೆ

ಉತ್ತರ: ಟರ್ಪೆಂಟೈನನ್ನು ಮನೆಯೊಳಗೆ ತರಲೇಬೇಡಿ ತಾಯಿ. ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಕುಸುಬೆ ಎಣ್ಣೆಯಲ್ಲಿ ಅದ್ದಿ ಮತ್ತೆ ಒರೆಸಿ, ಕೊನೆಗೆ ಸೋಪು ಹಾಕಿ ತೊಳೆದರೆ ಸಾಕು. ಬಣ್ಣದ ಟ್ಯೂಬ್‌ಗಳು ಮಗುವಿನ ಕೈಗೆ ಎಟುಕದಿರಲಿ, ಕ್ಯಾಡ್ಮಿಯಂ ಬಣ್ಣಗಳು ವಿಷ. ವಾಸನೆಗಿಂತ ನನಗೆ ಹೆಚ್ಚು ಭಯವಿರುವುದು ಎಣ್ಣೆ ಒರೆಸಿದ ಬಟ್ಟೆಯದು. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆ ಮಾಡಿ ಎಸೆದ ಬಟ್ಟೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಮುಳುಗಿಸಿ, ಡಬ್ಬಿಯನ್ನು ಗ್ಯಾಸಿನಿಂದ ದೂರ, ಬಾಲ್ಕನಿಯಲ್ಲಿಡಿ.